ಹನ್ನೆರಡನೇ ಬಲೂನು

ಮಗಳಿಗೆ ಹುಟ್ಟುಹಬ್ಬಕ್ಕೆ ಸಮುದ್ರದ ಕೇಕ್ ಬೇಕಿತ್ತು. ನೀಲಿ ಕ್ರೀಮು, ಮೇಲೆ ಎರಡು ಮೀನು, ಸಾಕಲ್ವಾ? ಸಾಲದಂತೆ. "ಅಮ್ಮಾ, ಗುಳ್ಳೆ ಇಲ್ಲದೆ ಮೀನು ಹೇಗೆ ಉಸಿರಾಡುತ್ತೆ?" ಅಂದಳು. ಇದಕ್ಕೆ ವಿಜ್ಞಾನದಲ್ಲಿ ಉತ್ತರ ಇದೆ. ಏಳು ವರ್ಷದವಳ ಮುಂದೆ ಅದು ನಡೆಯುವುದಿಲ್ಲ.

ಹಾಗಾಗಿ ಜೆಲಾಟಿನ್, ಅಂದರೆ ಜೆಲ್ಲಿ ಹೆಪ್ಪುಗಟ್ಟಿಸುವ ಪುಡಿಯಿಂದ ಗುಳ್ಳೆ ಮಾಡಲು ಹೊರಟೆ. ಕೇಳಲು ಬಹಳ ಸುಲಭ. ಪುಟ್ಟ ಬಲೂನು ಊದಿ, ಕರಗಿಸಿದ ಜೆಲಾಟಿನ್‌ನಲ್ಲಿ ಅದ್ದಿ, ಒಣಗಿಸಿ, ಆಮೇಲೆ ಬಲೂನು ಒಡೆದು ಎಳೆದು ತೆಗೆದರೆ ಗಾಜಿನಂಥ ಟೊಳ್ಳು ಗುಳ್ಳೆ ಕೈಗೆ ಬರುತ್ತದೆ, ತಿನ್ನಲೂಬಹುದು. ನಾಲ್ಕು ಸಾಲಿನ ಕೆಲಸ. ನನಗೆ ನಾಲ್ಕು ದಿನ ಹಿಡಿಯಿತು.

ಮೊದಲ ದಿನ ಪುಡಿಯ ಮೇಲೆ ನೇರವಾಗಿ ಬಿಸಿನೀರು ಸುರಿದೆ. ಹಾಗೆ ಮಾಡಿದರೆ ಪುಡಿಯ ಹೊರಗಿನ ಪದರ ತಕ್ಷಣ ಅಂಟಾಗಿ, ಒಳಗಿನ ಪುಡಿಗೆ ನೀರೇ ತಲುಪುವುದಿಲ್ಲ. ಬಟ್ಟಲ ತುಂಬಾ ಗಂಟು. ನಾನೂ ಗಂಟುಮುಖ, ಅದೂ ಗಂಟುಮುಖ. ಸರಿಯಾದ ಕ್ರಮ ಏನೆಂದರೆ, ಎರಡು ಚಮಚ ಪುಡಿಯನ್ನು ಆರು ಚಮಚ ತಣ್ಣೀರಿನ ಮೇಲೆ ಉದುರಿಸಿ ಹತ್ತು ನಿಮಿಷ ಮುಟ್ಟದೆ ಬಿಡಬೇಕು. ಅದು ನೀರು ಕುಡಿದು ಸ್ಪಂಜಿನ ಹಾಗೆ ಉಬ್ಬುತ್ತದೆ. ಆಮೇಲೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ನಿಧಾನಕ್ಕೆ ಕರಗಿಸಬೇಕು.

ನಿಧಾನಕ್ಕೆ ಅನ್ನುವ ಮಾತು ನನ್ನ ತಲೆಗೆ ಇಳಿಯಲಿಲ್ಲ. ಚೆನ್ನಾಗಿ ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ ಅಂತ ಎರಡನೇ ಸಲ ಕೊತಕೊತ ಕುದಿಸಿದೆ. ಹೆಚ್ಚು ಹೊತ್ತು ಕುದಿಸಿದರೆ ಜೆಲಾಟಿನ್‌ಗೆ ಹೆಪ್ಪುಗಟ್ಟುವ ಶಕ್ತಿಯೇ ಹೋಗುತ್ತದಂತೆ. ಹೋಯಿತು. ಉಳಿದಿದ್ದು ವಾಸನೆ ಒಂದೇ. ಒದ್ದೆ ನಾಯಿ ಅಡುಗೆಮನೆಯಲ್ಲಿ ಮೈ ಒದರಿಕೊಂಡು ಹೋದ ವಾಸನೆ. ಇವರು ಬಾಗಿಲಲ್ಲೇ ನಿಂತು "ಇದು ಕೇಕಿಗಾ?" ಅಂತ ಕೇಳಿದರು. ಎರಡು ಹನಿ ವೆನಿಲ್ಲಾ ಹಾಕಿದೆ. ಒದ್ದೆ ನಾಯಿಗೆ ಸೆಂಟು ಹೊಡೆದ ಹಾಗಾಯಿತು.

ಪೊಟ್ಟಣದ ಮೇಲೆ 'ಬ್ಲೂಮ್' ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇತ್ತು. ಓಹೋ, ಇದು ಹೂವು ಮಾಡುವ ಪುಡಿ, ಗುಳ್ಳೆಗೆ ಬೇರೆ ಇರಬೇಕು ಅಂತ ಅರ್ಧ ಗಂಟೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹೂವಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಸ್ಕರ್ ಬ್ಲೂಮ್ ಅನ್ನುವವರು 1925ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಹೆಪ್ಪುಗಟ್ಟಿದ ಜೆಲ್ಲಿಯನ್ನು ನಾಲ್ಕು ಮಿಲಿಮೀಟರ್ ಒತ್ತಲು ಎಷ್ಟು ಗ್ರಾಂ ಭಾರ ಬೇಕು ಅಂತ ಅಳೆಯುವ ಯಂತ್ರ. ಸಂಖ್ಯೆ ಜಾಸ್ತಿ ಇದ್ದಷ್ಟೂ ಜೆಲ್ಲಿ ಗಟ್ಟಿ. ತಪ್ಪು ಪುಡಿಯದಲ್ಲ ಅಂತ ಖಾತ್ರಿಯಾಯಿತು.

ಮೂರನೇ ದಿನ ಎಲ್ಲ ಸರಿ ಮಾಡಿದೆ. ಕರಗಿಸಿದೆ, ಐದು ನಿಮಿಷ ಬಿಟ್ಟೆ, ಮೇಲೆ ಬಂದ ನೊರೆ ತೆಗೆದೆ. ಹನ್ನೆರಡು ಬಲೂನು ಊದಿ, ಒಂದೊಂದಕ್ಕೂ ತೆಳುವಾಗಿ ಎಣ್ಣೆ ಸವರಿದೆ. ಎಣ್ಣೆ ಸವರಿದ ಬಲೂನನ್ನು ಎಣ್ಣೆಗೈಯಲ್ಲಿ ಹಿಡಿದು ಗಂಟು ಹಾಕಲು ಯಾರಾದರೂ ಪ್ರಯತ್ನಿಸಿದ್ದೀರಾ? ಒಂದು ಕೈಜಾರಿ ಪುರ್ರೆಂದು ಅಡುಗೆಮನೆಯೆಲ್ಲ ಸುತ್ತಿ ಮಿಕ್ಸಿ ಹಿಂದೆ ಹೋಗಿ ಮಲಗಿತು. ಗಂಟು ಮೊದಲು, ಎಣ್ಣೆ ಆಮೇಲೆ. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಂತ ಇರಬೇಕು.

ಅದನ್ನು ಹುಡುಕಿ ತಂದು, ತೊಳೆದು, ಮತ್ತೆ ಊದಿ, ಹನ್ನೆರಡನ್ನೂ ಅದ್ದಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಕ್ಲಿಪ್ ಹಾಕಿ ತಲೆಕೆಳಗಾಗಿ ನೇತುಹಾಕಿದೆ. ಹನಿ ನೆಲಕ್ಕೆ ಬೀಳದಿರಲಿ ಅಂತ ಕೆಳಗೆ ಸ್ಟೀಲ್ ತಟ್ಟೆಗಳು. ಬೇಗ ಒಣಗಲಿ ಅಂತ ಫ್ಯಾನು. ಅದೂ ಐದಕ್ಕೆ. ಐದಕ್ಕೆ ಇಟ್ಟರೆ ನೇತಾಡುವ ಬಲೂನುಗಳು ಏನು ಮಾಡುತ್ತವೆ? ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ನಾಲ್ಕು ಬಲೂನು ಒಂದೇ ಕುಟುಂಬವಾಗಿದ್ದವು. ಬಿಡಿಸಲು ಹೋದರೆ ಬೆರಳೂ ಆ ಕುಟುಂಬಕ್ಕೆ ಸೇರಿತು.

ರಾತ್ರಿ ಎರಡು ಗಂಟೆಗೆ ಢಂ ಅಂತ ಸದ್ದು. ಇವರು ಎದ್ದು ಕೂತರು. "ಟೈರಾ?" ಅಂದರು. "ಗುಳ್ಳೆ" ಅಂದೆ. ಮಲಗಿದರು. ಮೂರು ಗಂಟೆಗೆ ಇನ್ನೊಂದು. ನಾಲ್ಕಕ್ಕೆ ಮತ್ತೊಂದು. ಒಣಗುವಾಗ ಜೆಲಾಟಿನ್ ಕುಗ್ಗುತ್ತದೆ, ಬಲೂನನ್ನು ಹಿಂಡುತ್ತದೆ, ಬೆಂಕಿಪೊಟ್ಟಣದಷ್ಟು ಗಾತ್ರದ ಬಲೂನಿಗೆ ಅಷ್ಟೆಲ್ಲ ಸಹನೆ ಎಲ್ಲಿಂದ ಬರಬೇಕು? ಇವರು ಮಾತ್ರ ಹಾಸಿಗೆಯಲ್ಲೇ ಲೆಕ್ಕ ಇಡಲು ಶುರು ಮಾಡಿದರು. "ಮೂರು ಹೋಯ್ತು. ಇನ್ನು ಒಂಬತ್ತು ಇದೆ, ಅಲ್ವಾ?"

ಬೆಳಗ್ಗೆ ನೋಡಿದರೆ ನಾಲ್ಕರ ಕುಟುಂಬ ಕಲ್ಲಾಗಿತ್ತು. ಉಳಿದವುಗಳಲ್ಲಿ ಎರಡರ ಗಾಳಿ ಸೋರಿ, ಗುಳ್ಳೆಗಳು ಸುಕ್ಕುಸುಕ್ಕಾಗಿದ್ದವು. ಎರಡಕ್ಕೆ ಎಣ್ಣೆ ಸಾಲದೆ, ಬಲೂನು ಎಳೆದಾಗ ರಬ್ಬರ್ ಜೊತೆ ಗುಳ್ಳೆಯೂ ಹೊರಟಿತು. ಒಂದು ಸಿಗಲೇ ಇಲ್ಲ. ಒಳ್ಳೆಯವೆಂದರೆ ಸೊನ್ನೆ.

ಮತ್ತೆ ಕರಗಿಸಿದೆ. ಜೆಲಾಟಿನ್‌ನ ಒಂದು ದೊಡ್ಡತನ ಅಂದರೆ ಅದೇ, ಹಾಳಾದ ಚೂರುಗಳಿಗೆ ನೀರು ಸೇರಿಸಿ ಬಿಸಿ ಮಾಡಿದರೆ ಬೇಸರವಿಲ್ಲದೆ ಮತ್ತೆ ಕರಗುತ್ತದೆ. ಈ ಸಲ ಗಾಳಿ ಜಾಸ್ತಿ ತುಂಬಲಿಲ್ಲ, ಬಲೂನುಗಳನ್ನು ದೂರದೂರ ಕಟ್ಟಿದೆ, ಫ್ಯಾನಿನ ತಂಟೆಗೆ ಹೋಗಲಿಲ್ಲ. ನಾಲ್ಕನೇ ದಿನ ಐದು ಗುಳ್ಳೆ ಬಂದವು. ನಿಜವಾದ ಗುಳ್ಳೆ! ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು, ಉಗುರಲ್ಲಿ ತಟ್ಟಿದರೆ ಟಿಕ್ ಅನ್ನುತ್ತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮುಟ್ಟಲು ಬಿಡಲಿಲ್ಲ.

ಕೇಕಿನ ಕ್ರೀಮಿನ ಮೇಲೆ ಐದನ್ನೂ ಕೂರಿಸಿ ಫ್ರಿಜ್ಜಲ್ಲಿಟ್ಟೆ. ಇದಕ್ಕಿಂತ ದೊಡ್ಡ ದಡ್ಡತನ ಇಲ್ಲ. ಒಣಗಿದ ಜೆಲಾಟಿನ್ ನೀರಿನ ಪಸೆ ಎಲ್ಲಿದೆ ಅಂತ ಕಾಯುತ್ತಲೇ ಇರುತ್ತದೆ. ಕೆಳಗೆ ಒದ್ದೆ ಕ್ರೀಮು, ಸುತ್ತ ಫ್ರಿಜ್ಜಿನ ತೇವ. ಎರಡು ಗಂಟೆ ಬಿಟ್ಟು ಬಾಗಿಲು ತೆಗೆದರೆ ಐದೂ ಗುಳ್ಳೆಗಳು ನೆಂಟರ ಮನೆಯಲ್ಲಿ ಊಟ ಮಾಡಿ ಒರಗಿದವರ ಹಾಗೆ ಕುಸಿದು ಕೂತಿದ್ದವು. ಇವನ್ನು ಒಣ ಡಬ್ಬಿಯಲ್ಲಿಟ್ಟು, ಕೇಕ್ ಕತ್ತರಿಸುವ ಸ್ವಲ್ಪ ಮುಂಚೆಯಷ್ಟೇ ಹಚ್ಚಬೇಕಂತೆ. ಗೊತ್ತಾಯಿತು, ಸ್ವಾಮಿ.

ಇದರ ನಡುವೆ ಅತ್ತಿಗೆಯ ಫೋನು. "ಏನೋ ಗುಳ್ಳೆ ಮಾಡ್ತಿದ್ದೀಯಂತೆ, ಯಾವುದರಲ್ಲಿ?" ಅವರು ಅಪ್ಪಟ ಸಸ್ಯಾಹಾರಿ. ಜೆಲಾಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಮುಚ್ಚಿಡುವ ವಿಷಯ ಅಲ್ಲ, ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಂಗೆ ಒಂದು ಬಾಳೆಹಣ್ಣು ಎತ್ತಿಡಮ್ಮ" ಅಂದರು.

ಅತಿಥಿಗಳು ಬರಲು ಅರ್ಧ ಗಂಟೆ ಇತ್ತು. ನಾನು ಕೇಕ್ ಮುಂದೆ ಕೂತು ಕುಸಿದ ಗುಳ್ಳೆಗಳನ್ನು ಕೀಳುತ್ತಿದ್ದೆ. ಮಗಳು ಸ್ಟ್ಯಾಂಡಿನ ಕೆಳಗಿದ್ದ ಸ್ಟೀಲ್ ತಟ್ಟೆ ಹಿಡಿದುಕೊಂಡು ಬಂದಳು. ಬಲೂನುಗಳಿಂದ ತೊಟ್ಟಿಕ್ಕಿದ ಹನಿಗಳೆಲ್ಲ ಅದರ ಮೇಲೆ ಒಣಗಿ, ತಾವಾಗಿಯೇ ಎದ್ದು ಬಂದಿದ್ದವು. ದುಂಡಗೆ, ತೆಳ್ಳಗೆ, ಪಳಪಳ. ಒಂದಕ್ಕೂ ಸುಕ್ಕಿಲ್ಲ. "ಅಮ್ಮಾ, ಮೀನಿನ ಹುರುಪೆ!" ಅಂದವಳೇ ಒಂದೊಂದಾಗಿ ಮೀನಿಗೆ ಅಂಟಿಸಿದಳು. ಬಂದವರೆಲ್ಲ ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿದರು. ಅದಕ್ಕೊಂದು ವಿಶೇಷ ವಿಧಾನ ಇದೆ ಅಂದೆ. ಮಗಳು ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಟೇಪ್ ತಿಂದ ಹಾಗಿದೆ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದಳು.

ಎಲ್ಲರೂ ಹೋದ ಮೇಲೆ, ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ ಮಲಗಿದೆವು. ಇವರು ಕತ್ತಲಲ್ಲಿ ಕೇಳಿದರು, "ಅವತ್ತಿನ ಹನ್ನೆರಡರಲ್ಲಿ ಒಂದು ಸಿಗಲಿಲ್ಲ ಅಂದಿದ್ದೆ ಅಲ್ವಾ?"

ಬೀರುವಿನ ಮೇಲಿಂದ ಉತ್ತರ ಬಂತು. ಢಂ.