ಸ್ಪಷ್ಟನೆ: ಲಿಕ್ವಿಡ್ ಬಯಾಪ್ಸಿ ಬಂದರೆ ಗಡ್ಡೆಯ ತುಣುಕು ತೆಗೆಯುವುದು (ಬಯಾಪ್ಸಿ) ಬೇಡವೇ?

‘ಒಂದೇ ರಕ್ತಪರೀಕ್ಷೆಯಲ್ಲಿ ಎಲ್ಲ ಕ್ಯಾನ್ಸರ್ ಪತ್ತೆ, ಇನ್ನು ಬಯಾಪ್ಸಿ ಬೇಡ’ ಎಂಬ ಸಂದೇಶ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಗಡ್ಡೆಯ ಜೀವಕೋಶಗಳು ಸತ್ತಾಗ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಲಿಕ್ವಿಡ್ ಬಯಾಪ್ಸಿ ಎಂಬ ಈ ರಕ್ತಪರೀಕ್ಷೆ ಹುಡುಕುತ್ತದೆ. ಕ್ಯಾನ್ಸರ್ ಖಚಿತವಾದವರಿಗೆ ಯಾವ ಔಷಧ ಹಿಡಿಸೀತು ಎಂದು ತಿಳಿಯುವುದೇ ಇದರ ಮುಖ್ಯ ಬಳಕೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ ಬದಲಾವಣೆ ನೋಡಲು ಇಂಥ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಗಡ್ಡೆ ಸಾಕಷ್ಟು ಡಿಎನ್‌ಎ ಬಿಡದಿದ್ದರೂ ವರದಿ ‘ನೆಗೆಟಿವ್’ ಬರುತ್ತದೆ. ಆಗ, ಸಾಧ್ಯವಿದ್ದರೆ, ತುಣುಕು ತೆಗೆದೇ ನೋಡಬೇಕು.

ಮಲೆನಾಡಿನಿಂದ ರಕ್ತದ ಮಾದರಿ ಬೆಂಗಳೂರಿಗೆ ಹೋಗುವಾಗ ಕೆಡುವ ಸಾಧ್ಯತೆ ಇನ್ನೊಂದು ತೊಡಕು. ಮಾಮೂಲಿ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಾದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣ ಒಡೆದು, ಅವುಗಳ ಡಿಎನ್‌ಎಯಲ್ಲಿ ಗಡ್ಡೆಯ ಚೂರು ಮುಳುಗಿಹೋಗುತ್ತದೆ. ಹಾಗಾಗಿ ಕಣ ಒಡೆಯದಂತೆ ತಡೆಯುವ ವಿಶೇಷ ಟ್ಯೂಬನ್ನೇ ಕೇಳಿ. ಸಾಮಾನ್ಯವಾಗಿ 10 ಎಂಎಲ್‌ನ ಎರಡು ಟ್ಯೂಬು ಬೇಕು. ಗುರುತಿನವರೆಗೂ ತುಂಬಿಸಿ, 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಜೋರಾಗಿ ಕುಲುಕಬಾರದು, ಐಸ್ ಪ್ಯಾಕ್ ಜೊತೆ ಇಡಲೂಬಾರದು.

ಅಡಿಕೆ, ತಂಬಾಕು ಜಗಿಯುವವರ ಬಾಯಿಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಈ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ. ವೈದ್ಯರಿಗೆ ಬಾಯಿ ತೋರಿಸಿ. ಅನುಮಾನ ಬಂದರೆ ಅಲ್ಲಿಂದಲೇ ಚಿಕ್ಕ ತುಣುಕು ತೆಗೆದು ಪರೀಕ್ಷಿಸುತ್ತಾರೆ.