ಆ ನಿಯಮ ಯಾಕೆ ಬಂತು ಅಂತ ಯಾರಿಗಾದರೂ ನೆನಪಿದೆಯಾ?

ಕೆಲವು ವರ್ಷ ಒಂದು ವಿಶ್ವವಿದ್ಯಾಲಯದ ನಿಯಮಾವಳಿ ಸಮಿತಿಯಲ್ಲಿ ಕೂತಿದ್ದೆ. ಯಾವುದು ಅಂತ ಕೇಳಬೇಡಿ. ಬೇರೆ ಬೇರೆ ಕಡೆ ಕೆಲಸ ಮಾಡುವ ಗೆಳೆಯರಿಗೆ ಈ ಕಥೆ ಹೇಳಿದಾಗಲೆಲ್ಲ ಅವರು "ಅಯ್ಯೋ, ಇದು ನಮ್ಮಲ್ಲೇ ನಡೆದಿದ್ದಲ್ವಾ?" ಅಂತಾರೆ.

ಅಲ್ಲಿ ಒಂದು ನಿಯಮ ಇತ್ತು. ಸಂಶೋಧನಾ ಪ್ರಬಂಧ ಸಲ್ಲಿಸುವವರು ಗ್ರಂಥಾಲಯ, ವಿಭಾಗ, ಲೆಕ್ಕಪತ್ರ ಶಾಖೆ ಮೂರೂ ಕಡೆಯಿಂದ ಬಾಕಿ ಇಲ್ಲ ಅನ್ನುವ ಪತ್ರ ತರಬೇಕು. ಅದು ಸರಿ. ಆದರೆ ಮೂರರ ಮೇಲೂ ಒಂದೇ ದಿನಾಂಕ ಇರಬೇಕು! ಒಬ್ಬ ಅಧಿಕಾರಿ ರಜೆ ಹಾಕಿದರೆ ಮೂರೂ ಪತ್ರ ಮತ್ತೆ ಹೊಸದಾಗಿ ಬರೆಸಬೇಕು. ಐದಾರು ವರ್ಷ ಕಷ್ಟಪಟ್ಟು ಪ್ರಬಂಧ ಬರೆದ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ಕೂತು ಅಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಯಾಕೆ ಹೀಗೆ ಅಂತ ಕೇಳಿದೆ. "ಮೊದಲಿನಿಂದಲೂ ಇದೆ ಸರ್" ಅಂದರು. ಹಳೇ ನಡಾವಳಿ ತೆಗೆಸಿದೆ. ಅದರಲ್ಲಿ ಇದ್ದದ್ದು ಒಂದೇ ಸಾಲು, "ಚರ್ಚಿಸಿ ಅಂಗೀಕರಿಸಲಾಯಿತು". ಏನು ಚರ್ಚಿಸಿದರು, ಯಾರು ಏನಂದರು, ಒಂದಕ್ಷರ ಇಲ್ಲ. ಕೊನೆಗೆ ನಿವೃತ್ತರಾದ ಒಬ್ಬ ಗುಮಾಸ್ತರಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಯಾವನೋ ಒಬ್ಬ ಗ್ರಂಥಾಲಯದ ಪತ್ರ ಮೊದಲೇ ತಗೊಂಡು, ಆಮೇಲೆ ಪುಸ್ತಕಗಳನ್ನು ಎತ್ತಿಕೊಂಡು ಹೋಗಿದ್ದನಂತೆ. ಅವನೊಬ್ಬನಿಗಾಗಿ ಅಷ್ಟು ವರ್ಷ ಎಲ್ಲರೂ ಓಡಾಡಿದರು. ಗ್ರಂಥಾಲಯ ಕಂಪ್ಯೂಟರಿಗೆ ಬಂದು ಎಷ್ಟೋ ಕಾಲವಾಗಿತ್ತು. ನಿಯಮ ಮಾತ್ರ ಹಾಗೇ ಇತ್ತು.

ಇದಕ್ಕಿಂತ ದೊಡ್ಡ ಕಥೆ ಆಕ್ಸ್‌ಫರ್ಡಿನದು. ಓದಿದಾಗ ನಗು ಬಂತು, ಆಮೇಲೆ ಸ್ವಲ್ಪ ಭಯವೂ ಆಯಿತು. ಹೆನ್ರಿ ಸಿಮಿಯೋನಿಸ್ ಅಂತ ಆ ಊರಿನ ಒಬ್ಬ ಶ್ರೀಮಂತ. ವಿದ್ಯಾರ್ಥಿಯೊಬ್ಬನ ಕೊಲೆಗಾಗಿ 1242ರಲ್ಲಿ ಅವನಿಗೂ ಇನ್ನು ಕೆಲವರಿಗೂ ದಂಡ ಬಿತ್ತು. 1264ರಲ್ಲಿ ರಾಜ ಅವನನ್ನು ಕ್ಷಮಿಸಿದ. ವಿಶ್ವವಿದ್ಯಾಲಯ ಕ್ಷಮಿಸಲಿಲ್ಲ. ಎಂ.ಎ. ಪದವಿಗೆ ಬರುವ ಪ್ರತಿಯೊಬ್ಬನೂ "ಹೆನ್ರಿ ಜೊತೆ ರಾಜಿಗೆ ಎಂದೂ ಒಪ್ಪುವುದಿಲ್ಲ" ಅಂತ ಪ್ರಮಾಣ ಮಾಡಬೇಕು ಅನ್ನುವುದು ನಿಯಮವಾಯಿತು. ಹೆನ್ರಿ ಸತ್ತ, ಅವನ ಮೊಮ್ಮಕ್ಕಳ ಮೊಮ್ಮಕ್ಕಳೂ ಸತ್ತಿರಬೇಕು, ಪ್ರಮಾಣ ಮಾತ್ರ ನಡೆಯುತ್ತಲೇ ಇತ್ತು. 1600ರ ಹೊತ್ತಿಗೆ ಈ ಹೆನ್ರಿ ಯಾರು ಅನ್ನುವುದೇ ಅಲ್ಲಿನವರಿಗೆ ಮರೆತುಹೋಗಿತ್ತು. 1650ರ ದಶಕದಲ್ಲಿ ತೆಗೆಯೋಣವೇ ಅಂತ ಮಾತು ಬಂತು, ತೆಗೆಯಲಿಲ್ಲ. ಕೊನೆಗೆ ಹೋದದ್ದು 1827ರಲ್ಲಿ. ಅವನು ಯಾರು ಅಂತ ದಾಖಲೆ ಹುಡುಕಿ ಪತ್ತೆ ಮಾಡಿದ್ದು 1912ರಲ್ಲಿ! ಅಂದರೆ ನಿಯಮ ತೆಗೆದವರಿಗೂ ಅದು ಯಾಕಿತ್ತು ಅಂತ ಗೊತ್ತಿರಲಿಲ್ಲ. ಇನ್ನೂ ತಮಾಷೆ ಅಂದರೆ, ಯಾಕೆ ತೆಗೆದರು ಅನ್ನುವುದಕ್ಕೂ ದಾಖಲೆ ಉಳಿದಿಲ್ಲ.

ಇದನ್ನು ಸೋಮಾರಿತನ ಅನ್ನೋದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಸಮಿತಿಯಲ್ಲಿ ಕೂತಾಗ ನನಗೂ ಆಗಿದ್ದು ಹೆದರಿಕೆಯೇ. ಏನೋ ಕಾರಣ ಇರುತ್ತೆ, ನಾವು ತೆಗೆದ ಮೇಲೆ ಏನಾದರೂ ಆದರೆ ಯಾರು ಹೊಣೆ? ಗೊತ್ತಿಲ್ಲದ ಗೋಡೆ ಕೆಡವೋಕೆ ಯಾರೂ ಮುಂದೆ ಬರಲ್ಲ. ಆ ದಿನಾಂಕದ ನಿಯಮ ತೆಗೆಸೋಕೆ ನಮಗೆ ಒಂದೂವರೆ ವರ್ಷ ಹಿಡಿಯಿತು. ಹಾಕಿದ್ದು ಒಂದೇ ಸಭೆಯಲ್ಲಿ.

ಹಾಕೋದು ಹೇಗೆ ಅಂತಲೂ ಹೇಳುತ್ತೇನೆ. ಕರಡು ಬರೆಯುವುದು ಒಬ್ಬರೋ ಇಬ್ಬರೋ. ಎಷ್ಟೋ ಸಲ ಬೇರೆ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಎತ್ತಿದ್ದು. ಒಂದು ಕರಡಿನ ಹನ್ನೊಂದನೇ ಪುಟದಲ್ಲಿ ಆ ಇನ್ನೊಂದು ವಿಶ್ವವಿದ್ಯಾಲಯದ ಹೆಸರು ಹಾಗೇ ಉಳಿದಿತ್ತು, ಅಷ್ಟರಲ್ಲಿ ಅದು ಎರಡು ಸಮಿತಿ ದಾಟಿ ಬಂದಿತ್ತು. ಕಾನೂನು ಶಾಖೆ ಓದಿರುತ್ತೆ ಅಂತ ಸಮಿತಿ ಅಂದುಕೊಳ್ಳುತ್ತೆ, ಸಮಿತಿ ಓದಿರುತ್ತೆ ಅಂತ ಅಕಾಡೆಮಿಕ್ ಕೌನ್ಸಿಲ್ ಅಂದುಕೊಳ್ಳುತ್ತೆ, ಕೌನ್ಸಿಲ್ಲೇ ಒಪ್ಪಿದ ಮೇಲೆ ಇನ್ನೇನು ಅಂತ ಮೇಲಿನ ಸಭೆ ಸಹಿ ಹಾಕುತ್ತೆ. ಸಭೆ ಮೂರನೇ ಗಂಟೆಗೆ ಕಾಲಿಟ್ಟಾಗ ಮೂವತ್ತೇಳನೇ ವಿಷಯಕ್ಕೆ ಎಷ್ಟು ಚರ್ಚೆ ಸಿಗಬಹುದು, ನೀವೇ ಊಹಿಸಿ.

ಇನ್ನೊಂದು ಕಳ್ಳದಾರಿ ಇದೆ, ಮಾರ್ಗಸೂಚಿ. ಪರಿನಿಯಮ, ಅಂದರೆ ವಿಶ್ವವಿದ್ಯಾಲಯದ ಮೂಲ ಕಾನೂನು, ತಿದ್ದಬೇಕಾದರೆ ಮೇಲಿನ ತನಕ ಹೋಗಬೇಕು. ಕೇಂಬ್ರಿಡ್ಜ್‌ನಲ್ಲಂತೂ ಅದಕ್ಕೆ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟನ್ ರಾಜರ ಸಲಹಾ ಮಂಡಳಿಯ ಒಪ್ಪಿಗೆ ಬೇಕು. ಮಾರ್ಗಸೂಚಿಗೆ ಸಾಮಾನ್ಯವಾಗಿ ಇದ್ಯಾವುದೂ ಬೇಡ, ಒಂದು ಸುತ್ತೋಲೆ ಸಾಕು. ಹಾಗಾಗಿ ಕಷ್ಟದ ವಿಷಯವೆಲ್ಲ ಮಾರ್ಗಸೂಚಿಯ ವೇಷದಲ್ಲಿ ಬರುತ್ತೆ. ಹೆಸರು ಮಾರ್ಗಸೂಚಿ, ಒಳಗಡೆ ನೋಡಿದರೆ ಸಾಲು ಸಾಲಿಗೂ "ಸಲ್ಲಿಸತಕ್ಕದ್ದು", "ಪಾಲಿಸತಕ್ಕದ್ದು". "ಸಲ್ಲಿಸಬಹುದು" ಅಂತಿದ್ದ ಕಡೆ ಯಾರೋ ಸುಮ್ನೆ "ತಕ್ಕದ್ದು" ಅಂತ ಸೇರಿಸಿದರೆ ಸಾವಿರಾರು ಜನರ ದಿನಚರಿ ಬದಲಾಗುತ್ತೆ.

ಒಂದು ಪದಕ್ಕಾಗಿ ಜಗಳ ಆಡಿದರೆ ಜನ ನಗುತ್ತಾರೆ. ನಾನು ನಗಲ್ಲ. 2020ರಲ್ಲಿ ಕೇಂಬ್ರಿಡ್ಜ್‌ನ ಅಭಿವ್ಯಕ್ತಿ ಸ್ವಾತಂತ್ರ್ಯ ನೀತಿಯ ಕರಡಿನಲ್ಲಿ ಬೇರೆಯವರ ಅಭಿಪ್ರಾಯವನ್ನು ಗೌರವಿಸಬೇಕು ಅನ್ನುವ ಅರ್ಥದ ಮಾತಿತ್ತು. ಒಪ್ಪದ ಅಭಿಪ್ರಾಯವನ್ನು ಗೌರವಿಸು ಅಂತ ಹೇಳೋಕಾಗಲ್ಲ, ಸಹಿಸಿಕೋ ಅನ್ನಬಹುದು ಅಂತ ಕೆಲವು ಪ್ರಾಧ್ಯಾಪಕರು ತಿದ್ದುಪಡಿ ತಂದರು. ಮತಕ್ಕೆ ಹೋಯಿತು, ದೊಡ್ಡ ಬಹುಮತದಿಂದ ಗೆದ್ದಿತು. ನೀವು ಯಾವ ಪಕ್ಷವಾದರೂ ಆಗಿರಿ, ಆ ಪದ ಯಾಕೆ ಬದಲಾಯಿತು ಅಂತ ಮುಂದಿನವರಿಗೆ ಹುಡುಕಬೇಕಾದ ಕಷ್ಟ ಇಲ್ಲ.

ಮತ ಅಂದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಅದೇ ಕೇಂಬ್ರಿಡ್ಜ್‌ನಲ್ಲಿ ಹೆಂಗಸರಿಗೆ ಹೆಸರಿಗಷ್ಟೇ ಪದವಿ ಕೊಡುವ ಪ್ರಸ್ತಾಪ 1897ರಲ್ಲೂ, ಪೂರ್ಣ ಪದವಿ ಕೊಡುವ ಪ್ರಸ್ತಾಪ 1921ರಲ್ಲೂ ಮತದಲ್ಲೇ ಸೋತಿತು. ಮತ ಹಾಕಿದವರೆಲ್ಲ ಗಂಡಸರು. ಪೂರ್ಣ ಪದವಿ ಸಿಕ್ಕಿದ್ದು 1948ರಲ್ಲಿ. ನಿಯಮದಿಂದ ಪೆಟ್ಟು ತಿನ್ನುವವರು ಆ ಕೋಣೆಯಲ್ಲಿ ಇರಲ್ಲ, ಇದು ಈಗಲೂ ಜಾಸ್ತಿ ಬದಲಾಗಿಲ್ಲ.

ಸಮಿತಿ ಬಿಡುವ ಮೊದಲು ನಾನೊಂದು ಪ್ರಸ್ತಾಪ ಇಟ್ಟಿದ್ದೆ. ಪ್ರತಿ ಹೊಸ ನಿಯಮದ ಕೆಳಗೆ ಎರಡು ಸಾಲು ಇರಲಿ, ಯಾಕೆ ತಂದೆವು ಅಂತ ಒಂದು, ಯಾವ ವರ್ಷ ಮತ್ತೆ ನೋಡುತ್ತೇವೆ ಅಂತ ಇನ್ನೊಂದು. ಯಾರೂ ವಿರೋಧಿಸಲಿಲ್ಲ, ಚರ್ಚೆಯೂ ಆಗಲಿಲ್ಲ, ಪಾಸಾಯಿತು. ತುಂಬಾ ಖುಷಿಪಟ್ಟೆ. ಮೊನ್ನೆ ಅಲ್ಲಿನ ಗೆಳೆಯರೊಬ್ಬರು ಹೊಸ ಸುತ್ತೋಲೆಯೊಂದನ್ನು ವಾಟ್ಸಾಪ್ ಮಾಡಿದ್ದರು. ಕೆಳಗೆ ನನ್ನ ಎರಡು ಸಾಲುಗಳೂ ಇದ್ದವು.

ಕಾರಣ: ಆಡಳಿತಾತ್ಮಕ ಕಾರಣಗಳಿಗಾಗಿ.
ಮರುಪರಿಶೀಲನೆ: ಅಗತ್ಯವಿದ್ದಾಗ.