ಬ್ರಾನ್ ಕೋಟೆಗೆ ಹೊರಟವರು ಕಿಂಪಿನಾದಲ್ಲಿ ಇಳಿಯಬೇಕು

ರೊಮೇನಿಯಾಕ್ಕೆ ಹೊರಟಿದ್ದೇನೆ ಎನ್ನುವ ಗೆಳೆಯರೆಲ್ಲ ಮೊದಲು ಕೇಳುವುದು ಬ್ರಾನ್ ಕೋಟೆಯನ್ನೇ. ಕಾದಂಬರಿಯೊಂದರ ರಕ್ತಪಿಪಾಸು ಡ್ರಾಕುಲಾನ ನೆಪದಲ್ಲಿ ಅಲ್ಲಿ ಜನ ಜಾತ್ರೆಯಂತೆ ಸೇರುತ್ತಾರೆ. ಅದೇ ದಾರಿಯಲ್ಲಿ, ಬುಖಾರೆಸ್ಟಿನಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ, ನಿಜವಾಗಿಯೂ ಎದೆ ಭಾರವಾಗಿಸುವ ಇನ್ನೊಂದು ಕೋಟೆಯಿದೆ. ಅದಿರುವ ಊರು ಕಿಂಪಿನಾ. ಬಹುತೇಕ ಪ್ರವಾಸಿಗರು ಅದನ್ನು ರೈಲಿನ ಕಿಟಕಿಯಿಂದಷ್ಟೇ ನೋಡಿ ಮುಂದೆ ಹೋಗುತ್ತಾರೆ. ಇದು ನನಗೆ ತುಂಬಾ ಬೇಸರದ ಸಂಗತಿ.

ಕಾರ್ಪೇಥಿಯನ್ ಪರ್ವತಗಳ ತಪ್ಪಲಲ್ಲಿ, ಪ್ರಾಹೊವಾ ಮತ್ತು ದೊಫ್ತಾನಾ ನದಿಗಳ ನಡುವಿನ ಎತ್ತರದ ಸಮತಟ್ಟು ನೆಲದ ಮೇಲೆ ಈ ಊರು ಕೂತಿದೆ. ಹೆಸರಿನಲ್ಲೇ ‘ಬಯಲು’ ಎಂಬ ಅರ್ಥವಿದೆ. ಸುತ್ತಲೂ ದಿಣ್ಣೆಗಳಿರುವಾಗ ಇಷ್ಟು ಬಯಲು ಸಿಕ್ಕಿದ್ದೇ ಜನರಿಗೆ ದೊಡ್ಡದಾಗಿ ಕಂಡಿರಬೇಕು.

ಆದರೆ ಊರಿನ ನಿಜವಾದ ಕಥೆ ನೆಲದಡಿಯದು. ಈ ತಪ್ಪಲಿನ ಆಳದಲ್ಲಿ ಉಪ್ಪಿನ ದಪ್ಪ ಪದರಗಳಿವೆ. ಪರ್ವತಗಳು ಒತ್ತಿದಾಗ ಉಪ್ಪು ಮೆತ್ತಗಿನ ಹಿಟ್ಟಿನಂತೆ ಜರುಗಿ, ಮೇಲಿನ ಕಲ್ಲಿನ ಪದರಗಳನ್ನು ಬಾಗಿಸಿ, ಸೀಳಿ, ಮೇಲಕ್ಕೆ ಉಬ್ಬುತ್ತದೆ. ಆ ಉಬ್ಬುಗಳ ಪಕ್ಕದಲ್ಲೇ ತೈಲ ಸಿಕ್ಕಿಕೊಂಡು ನಿಲ್ಲುತ್ತದೆ. ಇಂಥ ರಚನೆಗಳಿಗೆ ‘ಡಯಾಪಿರ್’ ಎಂಬ ಹೆಸರನ್ನು ಭೂವಿಜ್ಞಾನಕ್ಕೆ ಕೊಟ್ಟವರು ಇದೇ ತಪ್ಪಲನ್ನು ಅಧ್ಯಯನ ಮಾಡಿದ ಲುಡೊವಿಕ್ ಮ್ರಾಜೆಕ್. ಹಾಗಾಗಿ ಇಲ್ಲಿ ಉಪ್ಪು, ಎಣ್ಣೆ ಎರಡೂ ಜೊತೆಯಾಗಿ ಬಂದವು. ಊರಿನ ಒಳಿತು ಕೆಡುಕುಗಳೆರಡೂ ಅವುಗಳ ಬೆನ್ನಿಗೇ ಬಂದವು.

1503ರ ಬ್ರಾಶೋವ್ ನಗರದ ಸುಂಕದ ಲೆಕ್ಕಪತ್ರಗಳಲ್ಲಿ ಕಿಂಪಿನಾದ ಹೆಸರು ಮೊದಲ ಬಾರಿಗೆ ಕಾಣಿಸುತ್ತದೆ. ಇಂದಿನ ರೊಮೇನಿಯಾದ ಭಾಗಗಳಾದ ಟ್ರಾನ್ಸಿಲ್ವೇನಿಯಾಕ್ಕೂ ವಲಾಕಿಯಾಕ್ಕೂ ನಡುವೆ ಓಡಾಡುವ ವರ್ತಕರ ದಾರಿಯಲ್ಲಿ ಇದೊಂದು ಸುಂಕದ ಕಟ್ಟೆಯಾಗಿತ್ತು. ಆ ದಿನಗಳಲ್ಲಿ ನೆಲದೆಣ್ಣೆಯ ದೊಡ್ಡ ಬಳಕೆಯೆಂದರೆ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ. ಅದಕ್ಕಾಗಿ ಬಾವಿಗಳನ್ನು ಕೈಯಿಂದಲೇ ತೋಡುತ್ತಿದ್ದರು. ಮಣ್ಣು ಕುಸಿಯದಂತೆ ಗೋಡೆಗೆ ಬಳ್ಳಿಯ ತಡಿಕೆ ಕಟ್ಟಿ, ಒಬ್ಬನನ್ನು ಹಗ್ಗದಲ್ಲಿ ಕೆಳಗಿಳಿಸುತ್ತಿದ್ದರು. ದೀಪ ಹಚ್ಚಿದರೆ ಅನಿಲ ಹೊತ್ತಿಕೊಳ್ಳುವ ಭಯ; ಆದ್ದರಿಂದ ಮೇಲೆ ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಗೆ ತಿರುಗಿಸುತ್ತಿದ್ದರು. ಉಸಿರಾಡಲು ತಿದಿಯೊತ್ತಿ ಗಾಳಿ ಕಳಿಸುತ್ತಿದ್ದರು. ತಿದಿ ಒತ್ತುವವನ ಕೈ ಸೋತರೆ ಕೆಳಗಿದ್ದವನ ಗತಿ ಏನಾಗುತ್ತಿತ್ತೋ! ತೈಲದ ಇತಿಹಾಸ ಎಂದೊಡನೆ ಕಂಪನಿಗಳ ಹೆಸರು ಹೇಳುವವರು ಈ ಇಬ್ಬರನ್ನು ಮರೆಯಬಾರದು.

ಕಂಪನಿ ಬಂದದ್ದು ಆಮೇಲೆ. 1890ರ ದಶಕದಲ್ಲಿ ಸ್ಟೆಯಾವಾ ರೊಮಿನಾ, ಅಂದರೆ ‘ರೊಮೇನಿಯಾದ ನಕ್ಷತ್ರ’, ಇಲ್ಲಿ ದೊಡ್ಡ ಸಂಸ್ಕರಣಾಗಾರ ಕಟ್ಟಿತು. ಸುಂಕದ ಊರು ಎಣ್ಣೆಯ ಊರಾಯಿತು. ಎಣ್ಣೆ ಇದ್ದಲ್ಲಿಗೆ ಯುದ್ಧವೂ ಬಂತು. 1916ರಲ್ಲಿ ಜರ್ಮನ್ ಸೇನೆಯ ಕೈಗೆ ಸಿಗಬಾರದೆಂದು ಪ್ರಾಹೊವಾ ಪ್ರದೇಶದ ತೈಲಬಾವಿಗಳನ್ನು ಬ್ರಿಟಿಷ್ ಅಧಿಕಾರಿ ನಾರ್ಟನ್ ಗ್ರಿಫಿತ್ಸ್ ಮುಂದೆ ನಿಂತು ನಾಶಮಾಡಿಸಿದ. 1943ರ ಆಗಸ್ಟ್ 1ರಂದು ಲಿಬಿಯಾದಿಂದ ಹಾರಿಬಂದ ಅಮೆರಿಕದ ಬಾಂಬರ್‌ಗಳು ಹತ್ತಿರದ ತೈಲನಗರ ಪ್ಲೊಯೆಷ್ಟಿಯ ಜೊತೆಗೆ ಕಿಂಪಿನಾದ ಸಂಸ್ಕರಣಾಗಾರವನ್ನೂ ಸುಟ್ಟವು.

ಉಪ್ಪಿನ ಕಥೆ ಇನ್ನೂ ಕಹಿ. ಕೈದಿಗಳು ದುಡಿಯುತ್ತಿದ್ದ ಪಕ್ಕದ ತೆಲೇಗಾದ ಉಪ್ಪಿನ ಗಣಿಗಳ ನಂಟಿನಿಂದ 1895ರಲ್ಲಿ ದೊಫ್ತಾನಾ ಸೆರೆಮನೆ ಎದ್ದು ನಿಂತಿತು. ಮುಂದೆ ಅದು ರಾಜಕೀಯ ಕೈದಿಗಳ ಜಾಗವಾಯಿತು. ಮುಂದೆ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿಯಾದ ಚೌಶೆಸ್ಕು ಕೂಡ ಯುವಕನಾಗಿದ್ದಾಗ ಅಲ್ಲಿದ್ದವನು. 1940ರ ನವೆಂಬರ್ 10ರ ಭೂಕಂಪದಲ್ಲಿ ಕಟ್ಟಡ ಕುಸಿದು, ಬೀಗ ಹಾಕಿದ ಕೋಣೆಗಳಲ್ಲೇ ಕೈದಿಗಳು ಸತ್ತರು. ಕಮ್ಯುನಿಸ್ಟ್ ಸರ್ಕಾರ ಅದನ್ನು ಮ್ಯೂಸಿಯಂ ಮಾಡಿತು, 1989ರಲ್ಲಿ ಆ ಆಡಳಿತ ಉರುಳಿದ ನಂತರ ಅದು ಪಾಳುಬಿತ್ತು. ಒಂದು ಆಡಳಿತದ ಮೇಲಿನ ಸಿಟ್ಟಿಗೆ ಸತ್ತವರ ನೆನಪನ್ನೂ ಪಾಳುಬಿಡುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಇನ್ನು ಆ ಕೋಟೆ. ಭಾಷಾಶಾಸ್ತ್ರಜ್ಞ ಬೊಗ್ದಾನ್ ಪೆತ್ರಿಚೆಯಿಕು ಹಸ್ದೆವು ಅವರಿಗೆ ಒಬ್ಬಳೇ ಮಗಳು, ಯೂಲಿಯಾ. ಪ್ಯಾರಿಸಿನಲ್ಲಿ ಓದುತ್ತಿದ್ದ, ಕವಿತೆ ಬರೆಯುತ್ತಿದ್ದ ಹುಡುಗಿ. 1888ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಕ್ಷಯಕ್ಕೆ ಬಲಿಯಾದಳು. ತಂದೆ ಆಮೇಲೆ ಮೊದಲಿನ ಮನುಷ್ಯರಾಗಿ ಉಳಿಯಲಿಲ್ಲ. ಮಗಳ ಆತ್ಮದ ಜೊತೆ ಮಾತಾಡುತ್ತೇನೆಂದು ನಂಬಿದರು. ಕೋಟೆಯ ನಕ್ಷೆಯನ್ನೂ ಅವಳೇ ಹೇಳಿ ಬರೆಸಿದಳೆಂದರು. 1896ರ ಹೊತ್ತಿಗೆ ಅದು ಮುಗಿಯಿತು. ಬಾಗಿಲು ಕಲ್ಲಿನದು, ಅಚ್ಚಿನ ಮೇಲೆ ತಿರುಗುತ್ತದೆ. ಅದರ ಮೇಲೆ ಗೆಲಿಲಿಯೋ ಹೇಳಿದನೆನ್ನುವ ಮಾತು ಕೆತ್ತಿದೆ: ‘ಆದರೂ ಅದು ಚಲಿಸುತ್ತದೆ’. ಪ್ರೇತಸಂಭಾಷಣೆಯನ್ನು ನಾನು ನಂಬುವವನಲ್ಲ. ಆದರೂ ಆ ಬಾಗಿಲ ಮುಂದೆ ನಿಂತಾಗ ಮಾತು ಭೂಮಿಯ ಬಗ್ಗೆಯೆಂದು ನನಗೆ ಅನಿಸಲೇ ಇಲ್ಲ. ಮಗಳು ಸತ್ತಿದ್ದಾಳೆಂದು ಒಪ್ಪದ ಅಪ್ಪನ ಹಟವೇ ಕಂಡಿತು.

ಅವರು ಕೈಗೆತ್ತಿಕೊಂಡಿದ್ದ ರೊಮೇನಿಯನ್ ಭಾಷೆಯ ಮಹಾ ನಿಘಂಟು ‘ಬಿ’ ಅಕ್ಷರದಲ್ಲೇ ನಿಂತುಹೋಯಿತು. ಕೊನೆಯ ಪದ ‘ಬರ್ಬತ್’, ಅಂದರೆ ಗಂಡಸು.

ಎತ್ತಿನ ಗಾಡಿಗಳನ್ನು ಮನಸಾರೆ ಚಿತ್ರಿಸಿದ ನಿಕೊಲಾಯೆ ಗ್ರಿಗೊರೆಸ್ಕು ಕೊನೆಯ ವರ್ಷಗಳನ್ನು ಕಳೆದದ್ದೂ ಇದೇ ಊರಿನಲ್ಲಿ. 1907ರ ಜುಲೈಯಲ್ಲಿ ಅವರು ತೀರಿಕೊಂಡರು. ಆಗಸ್ಟ್‌ನಲ್ಲಿ, ಆ ಕೋಟೆಯಲ್ಲೇ, ಹಸ್ದೆವು. ಇಬ್ಬರ ಮನೆಗಳೂ ಈಗ ಮ್ಯೂಸಿಯಂಗಳಾಗಿವೆ. ರೈಲು ನಿಲ್ದಾಣ ಕೆಳಗೆ ನದಿಯ ಬದಿಯಲ್ಲಿದೆ, ಊರು ಮೇಲೆ. ಆ ಏರು ಹತ್ತಲು ಒಂದು ಮಧ್ಯಾಹ್ನ ತೆಗೆದಿಡಿ. ಬ್ರಾನ್‌ಗೆ ಮರುದಿನ ಹೋದರಾಯಿತು.